ಎಸ್‌ಎಕ್ಸ್ ಫೀನಿಸಿಸ್ ಮಿಡಿತ ಅಳೆದ ಲಾಗ್: ಟೆಸ್ ಡೇಟಾ, ಒಂದು ಲ್ಯಾಪ್‌ಟಾಪ್, ಒಂದಷ್ಟು ನಕಲಿ ಶಿಖರಗಳು

ಕೆಲಸ ಇಷ್ಟು. ಟೆಸ್ ಬಾಹ್ಯಾಕಾಶ ದೂರದರ್ಶಕ ಅಳೆದ ಬೆಳಕಿನ ಡೇಟಾ ಇಳಿಸಿಕೊಳ್ಳುವುದು. ಅದರಿಂದ ಎಸ್‌ಎಕ್ಸ್ ಫೀನಿಸಿಸ್ ಅನ್ನುವ ಮಿಡಿಯುವ, ಅಂದರೆ ಉಬ್ಬಿ ಕುಗ್ಗುತ್ತಾ ಬೆಳಕು ಏರಿಳಿಯುವ ನಕ್ಷತ್ರದ ಫ್ರೀಕ್ವೆನ್ಸಿಗಳನ್ನು, ದಿನಕ್ಕೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದನ್ನು, ಹೊರತೆಗೆಯುವುದು. ದೊಡ್ಡವು ಸಿಕ್ಕಿವೆ, ಈಗಾಗಲೇ ಪ್ರಕಟವಾಗಿರುವ ಅಂಕಿಗಳಿಗೆ ಹೊಂದುತ್ತವೆ. ಸಣ್ಣವುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದು ಕೊನೆಯ ಹಂತದಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ರೀಕ್ವೆನ್ಸಿ ನಕ್ಷೆಯಲ್ಲಿ ಶಿಖರ, ಅಂದರೆ ಏರಿಳಿತ ಬಲವಾಗಿರುವ ಜಾಗ, ಕಾಣಿಸಲು ನಾಲ್ಕು ಸಾಲು ಕೋಡ್ ಸಾಕು. ಆ ಶಿಖರ ನಕ್ಷತ್ರದ್ದೋ, ದೂರದರ್ಶಕದ್ದೋ, ಡೇಟಾ ತೊಳೆಯುವಾಗ ನಾವೇ ಹುಟ್ಟಿಸಿದ್ದೋ ಅಂತ ತೀರ್ಮಾನಿಸುವುದಕ್ಕೇ ಉಳಿದ ಸಮಯವೆಲ್ಲ ಹೋಗುತ್ತದೆ. ಅದಕ್ಕೇ ಈ ಲಾಗ್‌ನಲ್ಲಿ ಸರಿಹೋದ ಹಂತಗಳಿಗಿಂತ ಕೆಟ್ಟುಹೋದ ಹಂತಗಳಿಗೆ ಜಾಸ್ತಿ ಜಾಗ.

ಸಾಮಾನು

ಎಂಟು ಜಿಬಿ ಮೆಮೊರಿ ಇರುವ ಹಳೆಯ ಲ್ಯಾಪ್‌ಟಾಪ್. ಪೈಥಾನ್, ಅದರ ಜೊತೆ ಲೈಟ್‌ಕರ್ವ್ (ಟೆಸ್ ಡೇಟಾ ಇಳಿಸಿ ಓದುವ ಪ್ಯಾಕೇಜ್), ಆಸ್ಟ್ರೋಪೈ, ನಂಪೈ, ಸೈಪೈ. ಎಲ್ಲವೂ ಉಚಿತ. ಡೇಟಾ ಕೂಡ ಉಚಿತ, ಮಾಸ್ಟ್ ಭಂಡಾರದಿಂದ ಖಾತೆ ತೆರೆಯದೆಯೇ ಇಳಿಸಬಹುದು. ಒಂದು ಸೆಕ್ಟರಿನ (ಅಂದರೆ ಸುಮಾರು 27 ದಿನದ) ಬೆಳಕಿನ ಫೈಲ್ ಸುಮಾರು 2 ಎಂಬಿ. ಪಿಕ್ಸೆಲ್ ಫೈಲ್ ಬೇಕೆಂದರೆ 40 ಎಂಬಿ ದಾಟುತ್ತದೆ. ಲೆಕ್ಕ ತಾಳೆ ನೋಡಲು ಪೀರಿಯಡ್04 ಅನ್ನುವ ಹಳೆಯ, ಗಟ್ಟಿ ಸಾಫ್ಟ್‌ವೇರ್.

ಲೈಟ್‌ಕರ್ವನ್ನು ಬೇರೆಯೇ ಎನ್ವಿರಾನ್‌ಮೆಂಟ್ ಮಾಡಿ ಹಾಕಿಕೊಳ್ಳಿ. ಬೇರೆ ಕೆಲಸಕ್ಕೆ ಹಾಕಿದ್ದ ನಂಪೈ ಜೊತೆ ಜಗಳ ಬಂದರೆ ಅರ್ಧ ದಿನ ಸುಮ್ನೆ ಹಾಳು.

ಹಂತ 1: ಯಾವ ನಕ್ಷತ್ರ

ಮೊದಲು ಮನಸ್ಸಿನಲ್ಲಿದ್ದದ್ದು ಡೆಲ್ಟಾ ಸೆಫಿ. 1784ರಲ್ಲಿ ಜಾನ್ ಗುಡ್ರಿಕ್ ಗುರುತಿಸಿದ ನಕ್ಷತ್ರ, ಸೆಫೀಡ್ ಅನ್ನುವ ಮಿಡಿಯುವ ನಕ್ಷತ್ರಗಳ ಗುಂಪಿನ ಹೆಸರಿಗೇ ಮೂಲ. ಆದರೆ ಅದರ ಒಂದು ಮಿಡಿತಕ್ಕೆ 5.37 ದಿನ ಬೇಕು. ಟೆಸ್ ಆಕಾಶದ ಒಂದು ಪಟ್ಟಿಯನ್ನು ಸುಮಾರು 27 ದಿನ ದಿಟ್ಟಿಸಿ ಮುಂದಕ್ಕೆ ಹೋಗುತ್ತದೆ. ಇದಕ್ಕೇ ಸೆಕ್ಟರ್ ಅನ್ನುವುದು. ಅಷ್ಟರಲ್ಲಿ ಸಿಗುವುದು ಐದೇ ಮಿಡಿತ. ಜೊತೆಗೆ ಅದು ಬರಿಗಣ್ಣಿಗೇ ಕಾಣುವಷ್ಟು ಬೆಳಗುತ್ತದೆ. ಟೆಸ್ ಕ್ಯಾಮೆರಾದಲ್ಲಿ ಅಂಥ ನಕ್ಷತ್ರದ ಪಿಕ್ಸೆಲ್‌ಗಳು ತುಂಬಿ ಪಕ್ಕದವಕ್ಕೆ ಹರಿಯುತ್ತವೆ. ಬಿಟ್ಟೆ.

ಆರ್‌ಆರ್ ಲೈರೆ ನೋಡಿದೆ. ಅವಧಿ 0.567 ದಿನ, ಇದು ಪರವಾಗಿಲ್ಲ. ಆದರೆ ಅದರ ಮಿಡಿತದ ಎತ್ತರವೇ ಸುಮಾರು 40 ದಿನಕ್ಕೊಮ್ಮೆ ಏರಿಳಿಯುತ್ತದೆ. ಬ್ಲಾಷ್ಕೋ ಪರಿಣಾಮ ಅನ್ನುತ್ತಾರೆ. ಒಂದು ಸೆಕ್ಟರಿನೊಳಗೆ ಆ ಏರಿಳಿತ ಪೂರ್ತಿ ಹಿಡಿಸುವುದಿಲ್ಲ. ಬೀಟಾ ಪಿಕ್ಟೋರಿಸ್ ಕೂಡ ಮಿಡಿಯುತ್ತದೆ, ದಿನಕ್ಕೆ 47 ಸಲದ ಆಸುಪಾಸು, ಆದರೆ ಏರಿಳಿತ ಸಾವಿರದಲ್ಲಿ ಒಂದರ ಲೆಕ್ಕ. ಮೊದಲ ಪ್ರಯತ್ನಕ್ಕೆ ಅಷ್ಟು ಸಣ್ಣದು ಬೇಡ ಅನ್ನಿಸಿತು.

ಕೊನೆಗೆ ಎಸ್‌ಎಕ್ಸ್ ಫೀನಿಸಿಸ್. ಓಲಿನ್ ಎಗ್ಗನ್ 1952ರಲ್ಲಿ ಇದರ ಏರಿಳಿತ ಗುರುತಿಸಿದರು. ಇದರ ಹೆಸರಿನಲ್ಲೇ ಒಂದು ನಕ್ಷತ್ರ ಗುಂಪು ಇದೆ: ಲೋಹಾಂಶ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳ ಪಾಲು) ಕಡಿಮೆ ಇರುವ, ಬೇಗ ಬೇಗ ಮಿಡಿಯುವ ನಕ್ಷತ್ರಗಳು. ಇದನ್ನು ಆರಿಸಿದ ಕಾರಣಗಳು ಪೂರ್ತಿ ಪ್ರಾಯೋಗಿಕ. ಹೊಳಪು ಮ್ಯಾಗ್ನಿಟ್ಯೂಡ್ ಅಳತೆಯಲ್ಲಿ (ಅಂಕಿ ಸಣ್ಣದಾದಷ್ಟೂ ಹೊಳಪು ಜಾಸ್ತಿ) ಏಳರ ಸುತ್ತಮುತ್ತ, ತೀರಾ ಜಾಸ್ತಿಯೂ ಅಲ್ಲ, ಮಂಕೂ ಅಲ್ಲ. ಅವಧಿ 79 ನಿಮಿಷ, ಹಾಗಾಗಿ ಒಂದೇ ಸೆಕ್ಟರಿನಲ್ಲಿ 450ಕ್ಕೂ ಹೆಚ್ಚು ಮಿಡಿತ ಸಿಗುತ್ತವೆ. ಏರಿಳಿತ ಎಷ್ಟು ದೊಡ್ಡದೆಂದರೆ ಗ್ರಾಫ್ ಹಾಕಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಇದರ ಎರಡು ಮುಖ್ಯ ಫ್ರೀಕ್ವೆನ್ಸಿಗಳು ಮೊದಲೇ ಗೊತ್ತಿವೆ: ದಿನಕ್ಕೆ 18.1936 ಸಲ ಮತ್ತು 23.3793 ಸಲ. ಉತ್ತರ ಗೊತ್ತಿರುವ ಲೆಕ್ಕದ ಮೇಲೆ ವಿಧಾನ ಕಲಿಯುವುದು ಒಳ್ಳೆಯದು ಅಲ್ವಾ? ಇಲ್ಲದಿದ್ದರೆ ಎಡವಿದ್ದು ಗೊತ್ತಾಗುವುದೇ ಇಲ್ಲ.

ಮುಂದೆ ಇವನ್ನು ಎಫ್1, ಎಫ್2 ಅಂತ ಕರೆಯುತ್ತೇನೆ.

ಹಂತ 2: ಡೇಟಾ ಇಳಿಸುವುದು

ನಕ್ಷತ್ರದ ಹೆಸರು ಕೊಟ್ಟು ಹುಡುಕಿದರೆ ಉದ್ದದ ಪಟ್ಟಿ ಬರುತ್ತದೆ. 20 ಸೆಕೆಂಡಿನದು, 2 ನಿಮಿಷದ್ದು, 10 ನಿಮಿಷದ್ದು, 30 ನಿಮಿಷದ್ದು. ಒಂದೇ ಸೆಕ್ಟರಿಗೆ ಬೇರೆ ಬೇರೆ ತಂಡಗಳು ಬೇರೆ ಬೇರೆ ರೀತಿಯಲ್ಲಿ ತಯಾರಿಸಿದ ಫೈಲ್‌ಗಳೂ ಇರುತ್ತವೆ.

ಎಲ್ಲವನ್ನೂ ಇಳಿಸಿ, ಸ್ಟಿಚ್ ಮಾಡಿ, ಒಂದೇ ಒಂದು ಉದ್ದನೆಯ ಸರಣಿ ಮಾಡಿದ್ದು ಮೊದಲ ಕೆಟ್ಟ ಪ್ರಯತ್ನ. ಡೇಟಾ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ಇಲ್ಲಿ ನಡೆಯಲಿಲ್ಲ. ಕೆಲವು ಫೈಲ್‌ಗಳಲ್ಲಿ ನಿಧಾನದ ಏರಿಳಿತಗಳನ್ನು ಮೊದಲೇ ತೆಗೆದುಬಿಟ್ಟಿರುತ್ತಾರೆ, ಗ್ರಹ ಹುಡುಕುವವರಿಗೆ ಅನುಕೂಲ ಆಗಲಿ ಅಂತ. ಕೆಲವದರಲ್ಲಿ ತೆಗೆದಿರುವುದಿಲ್ಲ. ಒಂದೇ ಕ್ಷಣದ ಅಳತೆ ಎರಡೆರಡು ಸಲ, ಬೇರೆ ಬೇರೆ ಎತ್ತರದಲ್ಲಿ ಕೂತಿತ್ತು. ಗ್ರಾಫ್ ನೋಡಿದರೆ ನಕ್ಷತ್ರ ಎರಡು ನೆರಳು ಬಿಟ್ಟ ಹಾಗೆ.

ಸರಿಮಾಡಿದ್ದು ಹೀಗೆ: ತಯಾರಕರ ಕಾಲಮಿನಲ್ಲಿ ಸ್ಪಾಕ್ (ನಾಸಾದ ಟೆಸ್ ಡೇಟಾ ಸಂಸ್ಕರಣ ಕೇಂದ್ರ) ಅಂತ ಇರಬೇಕು, ಎಕ್ಸ್‌ಪೋಷರ್ 120 ಸೆಕೆಂಡ್ ಇರಬೇಕು, ಸೆಕ್ಟರ್ 2 ಮಾತ್ರ. ಅದು 2018ರ ಆಗಸ್ಟ್ 23ರಿಂದ ಸೆಪ್ಟೆಂಬರ್ 20ರ ತನಕದ ಡೇಟಾ. ಒಟ್ಟು ಸುಮಾರು 27.4 ದಿನ. ನಡುವೆ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಖಾಲಿ. ಟೆಸ್ 13.7 ದಿನಕ್ಕೊಮ್ಮೆ ಭೂಮಿಯ ಹತ್ತಿರ ಬಂದಾಗ ಡೇಟಾ ಕಳಿಸಲು ವೀಕ್ಷಣೆ ನಿಲ್ಲಿಸುತ್ತದೆ. ಉಳಿದದ್ದು ಸುಮಾರು 18 ಸಾವಿರ ಅಳತೆಗಳು.

ಆ ಖಾಲಿ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೆಲದ ಮೇಲಿನ ದೂರದರ್ಶಕಕ್ಕೆ ಪ್ರತಿ ಹಗಲೂ ಖಾಲಿಯೇ. ಅದರಿಂದ ಪ್ರತಿ ಶಿಖರದ ಎರಡೂ ಕಡೆ ದಿನಕ್ಕೆ 1 ಸಲ, 2 ಸಲದ ದೂರದಲ್ಲಿ ನಕಲಿಗಳು ಏಳುತ್ತವೆ. ಬಾಹ್ಯಾಕಾಶದ ಡೇಟಾದ ದೊಡ್ಡ ಲಾಭ ಇದೇ, ಆ ತಲೆನೋವು ಇಲ್ಲ.

ಹಂತ 3: ಕಚ್ಚಾ ಗ್ರಾಫ್

ಫೈಲಿನಲ್ಲಿ ಎರಡು ಬೆಳಕಿನ ಕಾಲಂ ಇವೆ. ಒಂದು ಪಿಕ್ಸೆಲ್‌ಗಳ ನೇರ ಮೊತ್ತ, ಹೆಸರು ಸ್ಯಾಪ್. ಇನ್ನೊಂದು ದೂರದರ್ಶಕದ ಅಲುಗಾಟ, ಬಿಸಿ–ತಂಪಿನ ಪರಿಣಾಮ ಎಲ್ಲ ತಿದ್ದಿದ್ದು, ಹೆಸರು ಪಿಡಿಸಿಸ್ಯಾಪ್. ಎರಡನ್ನೂ ಅವುಗಳ ನಡುವಿನ ಬೆಲೆಯಿಂದ, ಅಂದರೆ ಮೀಡಿಯನ್‌ನಿಂದ ಭಾಗಿಸಿ ಒಂದರ ಮೇಲೊಂದು ಹಾಕಿ ನೋಡಿದೆ.

ಒಂದು ದಿನದ ತುಂಡನ್ನು ಹಿಗ್ಗಿಸಿದರೆ ಚೆಂದ ಕಾಣುತ್ತದೆ. ಬೆಳಕು ಸರ್ರನೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಪ್ರತಿ ಏರಿನ ಎತ್ತರ ಒಂದೇ ಇರುವುದಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ, ಮತ್ತೆ ಎತ್ತರ. ಸುಮಾರು ನಾಲ್ಕೂವರೆ ಗಂಟೆಗೆ ಒಂದು ಸಲ ಈ ವಿನ್ಯಾಸ ಮರಳಿ ಬರುತ್ತದೆ. ಎರಡು ಮಿಡಿತ ಒಟ್ಟಿಗೆ ನಡೆಯುತ್ತಿದೆ ಅಂತ ಗಣಿತ ಮಾಡುವ ಮೊದಲೇ ಗೊತ್ತಾಗುತ್ತದೆ.

ಎರಡು ಕಾಲಂಗಳ ನಡುವಿನ ವ್ಯತ್ಯಾಸ ನಿಧಾನದ ಇಳಿಜಾರುಗಳಲ್ಲಿ ಮಾತ್ರ, ಅದೂ ಹೆಚ್ಚಾಗಿ ಖಾಲಿ ಜಾಗದ ಅಕ್ಕಪಕ್ಕ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ದಿನಕ್ಕೆ 1 ಸಲಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಏನೇ ಕಂಡರೂ ನಂಬುವುದಿಲ್ಲ. ಅಲ್ಲಿ ನಕ್ಷತ್ರವೂ ಇರಬಹುದು, ದೂರದರ್ಶಕವೂ ಇರಬಹುದು. ಬಿಡಿಸಲು ನನ್ನ ಹತ್ತಿರ ದಾರಿ ಇಲ್ಲ. ಮುಂದಿನ ಕೆಲಸಕ್ಕೆಲ್ಲ ಪಿಡಿಸಿಸ್ಯಾಪ್ ಬಳಸಿದೆ.

ಪಕ್ಕದ ನಕ್ಷತ್ರದ ಬೆಳಕು ಬೆರೆತಿದೆಯಾ ಅಂತಲೂ ನೋಡಬೇಕು. ಟೆಸ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಅಗಲ. ಕೆಪ್ಲರ್ ಅನ್ನುವ ಹಿಂದಿನ ಬಾಹ್ಯಾಕಾಶ ದೂರದರ್ಶಕದ್ದು 4. ಫೈಲಿನ ಹೆಡರಿನಲ್ಲಿ ಕ್ರೌಡ್‌ಸ್ಯಾಪ್ ಅನ್ನುವ ಅಂಕಿ ಇರುತ್ತದೆ. ಅದು 1ರ ಹತ್ತಿರ ಇದ್ದರೆ ಮಾಸ್ಕಿನೊಳಗಿನ (ಬೆಳಕು ಕೂಡಿಸಲು ಆರಿಸಿದ ಪಿಕ್ಸೆಲ್‌ಗಳ) ಬೆಳಕು ಬಹುಪಾಲು ನಮ್ಮ ನಕ್ಷತ್ರದ್ದೇ. ಇಲ್ಲಿ ತೊಂದರೆ ಇಲ್ಲ. ಮಂಕು ನಕ್ಷತ್ರ ಆರಿಸಿದವರು ಈ ಅಂಕಿ ನೋಡದೆ ಮುಂದೆ ಹೋಗಬೇಡಿ. ಪಕ್ಕದ ಮನೆಯವರ ಮಿಡಿತ ನಮ್ಮ ಖಾತೆಗೆ ಬೀಳುತ್ತದೆ.

ಹಂತ 4: ತೊಳೆಯಲು ಹೋಗಿ ಕಳೆದದ್ದು

ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಲೈಟ್‌ಕರ್ವ್‌ನ ಮಾದರಿ ಕೋಡ್ ನೋಡಿದರೆ ಡೇಟಾ ಇಳಿಸಿದ ಕೂಡಲೇ ಫ್ಲಾಟನ್ ಮಾಡು ಅಂತ ಇರುತ್ತದೆ. ಆ ಫಂಕ್ಷನ್ ನಿಧಾನದ ಏರಿಳಿತ ತೆಗೆದು ಗೆರೆಯನ್ನು ಸಪಾಟು ಮಾಡುತ್ತದೆ. ಹಾಗೇ ಓಡಿಸಿದೆ. ಎಫ್1 ಬಂತು, ಎಫ್2 ಬಂತು, ಸಂತೋಷ ಆಯಿತು.

ಆಮೇಲೆ ಒಂದು ಅನುಮಾನ. ಇಷ್ಟು ಬಲವಾಗಿ ಮಿಡಿಯುವ ನಕ್ಷತ್ರದಲ್ಲಿ ಎರಡು ಫ್ರೀಕ್ವೆನ್ಸಿಗಳ ಮೊತ್ತವೂ ವ್ಯತ್ಯಾಸವೂ ಕಾಣಬೇಕು. ಮೊತ್ತ 41.573ರಲ್ಲಿ ಚೆನ್ನಾಗಿ ಎದ್ದು ನಿಂತಿತ್ತು. ವ್ಯತ್ಯಾಸ 5.186ರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಕಚ್ಚಾ ಗ್ರಾಫಿನಲ್ಲಿ ನಾಲ್ಕೂವರೆ ಗಂಟೆಯ ವಿನ್ಯಾಸ ಕಣ್ಣಿಗೇ ಕಂಡಿತ್ತಲ್ಲ?

ಕಾರಣ ಸಿಕ್ಕಿದ್ದು ಫಂಕ್ಷನ್‌ನ ಕಿಟಕಿಯ ಅಗಲ ನೋಡಿದಾಗ. ಬೇರೆ ಏನೂ ಹೇಳದಿದ್ದರೆ ಅದು 101 ಅಳತೆಗಳ ಕಿಟಕಿ ಬಳಸುತ್ತದೆ. 2 ನಿಮಿಷದ ಡೇಟಾದಲ್ಲಿ 101 ಅಂದರೆ 202 ನಿಮಿಷ, ಮೂರು ಗಂಟೆ 22 ನಿಮಿಷ. ವ್ಯತ್ಯಾಸದ ಅವಧಿ ನಾಲ್ಕು ಗಂಟೆ 38 ನಿಮಿಷ. ಕಿಟಕಿಗಿಂತ ಉದ್ದದ್ದು. ಅದನ್ನು ನಿಧಾನದ ಕೊಳೆ ಅಂತ ತಿಳಿದು ಫಂಕ್ಷನ್ ಒರೆಸಿ ಹಾಕಿತ್ತು. ಎಫ್1, ಎಫ್2 ಬೇಗದವು, ಅದಕ್ಕೇ ಉಳಿದವು.

ಕಿಟಕಿಯನ್ನು 1441 ಅಳತೆಗೆ, ಅಂದರೆ ಎರಡು ದಿನಕ್ಕೆ ಹಿಗ್ಗಿಸಿದೆ. 5.186 ವಾಪಸ್ ಬಂತು. ಮತ್ತೆ ಯೋಚಿಸಿದರೆ ಫ್ಲಾಟನ್ ಬೇಕಾಗಿಯೇ ಇರಲಿಲ್ಲ. ದಿನಕ್ಕೆ 1 ಸಲಕ್ಕಿಂತ ಕೆಳಗಿನದನ್ನು ಹೇಗೂ ನಂಬುವುದಿಲ್ಲ, ಅದು ಅಲ್ಲೇ ಬಿದ್ದಿರಲಿ. ಈಗ ಆ ಸಾಲನ್ನೇ ಅಳಿಸಿದ್ದೇನೆ. ಆ ಉಪಕರಣ ಕೆಟ್ಟದ್ದಲ್ಲ. ಅದು ಗ್ರಹ ಹುಡುಕುವವರ ಕೈಗೆ ಮಾಡಿದ್ದು. ಅವರಿಗೆ ನಕ್ಷತ್ರದ ಮಿಡಿತ ಕಸ, ನಮಗೆ ಅದೇ ಬೇಕು.

ಇದೇ ಜಾತಿಯ ಇನ್ನೊಂದು ಎಡವಟ್ಟು, ಹೊರಬಿದ್ದ ಅಳತೆಗಳನ್ನು ಕತ್ತರಿಸುವ ಫಂಕ್ಷನ್. 3 ಸಿಗ್ಮಾ ಕೊಟ್ಟೆ, ಅಂದರೆ ಸರಾಸರಿಯಿಂದ ಮಾಮೂಲು ಚೆದುರಿಕೆಯ ಮೂರು ಪಟ್ಟು ದೂರ ಹೋದದ್ದನ್ನು ಕತ್ತರಿಸು ಅಂತ. ಎರಡು ಮಿಡಿತಗಳ ಏರು ಒಟ್ಟಿಗೆ ಬಂದ ಕಡೆ ತುತ್ತತುದಿಯ ಅಳತೆಗಳೇ ಹಾರಿಹೋದವು. ಈ ನಕ್ಷತ್ರದ ಏರು ಚೂಪು, ಇಳಿವು ಚಪ್ಪಟೆ. ಹಾಗಾಗಿ ಮೇಲಿನ ತುದಿ ಸರಾಸರಿಯಿಂದ ಬಹಳ ದೂರ ಇರುತ್ತದೆ. ಆ ಫಂಕ್ಷನ್‌ಗೆ ನಕ್ಷತ್ರದ ಅತ್ಯಂತ ಉತ್ಸಾಹದ ಕ್ಷಣವೇ ದೋಷದಂತೆ ಕಂಡಿತು. ಸಿಗ್ಮಾ ದೊಡ್ಡದು ಮಾಡುವುದು ಒಂದು ದಾರಿ. ನಾನು ಮಾಡಿದ್ದು ಬೇರೆ: ಮೊದಲು ಮುಖ್ಯ ಫ್ರೀಕ್ವೆನ್ಸಿಗಳನ್ನೆಲ್ಲ ಹೊಂದಿಸಿ ಕಳೆಯುವುದು, ಉಳಿಕೆಯಲ್ಲಿ ಹೊರಬಿದ್ದವನ್ನು ಗುರುತಿಸುವುದು, ಆ ಸಮಯದ ಅಳತೆಗಳನ್ನು ಮೂಲದಿಂದ ತೆಗೆಯುವುದು. ತೆಗೆಯಬೇಕಾದವು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕವು. ಟೆಸ್‌ನ ಗುಣಮಟ್ಟದ ಗುರುತುಗಳೇ ಬಹುತೇಕ ಕೆಲಸ ಮಾಡಿರುತ್ತವೆ.

ಹಂತ 5: ಫ್ರೀಕ್ವೆನ್ಸಿ ನಕ್ಷೆ

ಲೋಂಬ್–ಸ್ಕಾರ್ಗಲ್ ಓಡಿಸಿದೆ. ಯಾವ ಫ್ರೀಕ್ವೆನ್ಸಿಯಲ್ಲಿ ಏರಿಳಿತ ಎಷ್ಟು ಬಲವಾಗಿದೆ ಅಂತ ಲೆಕ್ಕ ಹಾಕುವ ವಿಧಾನ ಅದು. ಸೆಟ್ಟಿಂಗ್ ಎರಡೇ. ದಿನಕ್ಕೆ 0ಯಿಂದ 100 ಸಲದ ತನಕ. ಓವರ್‌ಸ್ಯಾಂಪಲ್ 10, ಅಂದರೆ ನಕ್ಷೆಯ ಬಿಂದುಗಳು ಹತ್ತು ಪಟ್ಟು ಒತ್ತೊತ್ತಾಗಿ. 2 ನಿಮಿಷದ ಡೇಟಾದಲ್ಲಿ ದಿನಕ್ಕೆ 360 ಸಲದ ತನಕ ನೋಡಬಹುದು, ಆದರೆ 100ರ ಮೇಲೆ ಇಲ್ಲಿ ಕೆಲಸದ್ದೇನೂ ಕಾಣಲಿಲ್ಲ.

ಬಂದ ದೊಡ್ಡ ಶಿಖರಗಳು: 18.194, ಅದರ ಎರಡು ಪಟ್ಟು 36.387, ಮೂರು ಪಟ್ಟು 54.581, ನಾಲ್ಕು ಪಟ್ಟು 72.774. ಆಮೇಲೆ 23.379. ಮೊತ್ತ 41.573. ವ್ಯತ್ಯಾಸ 5.186. ಎಫ್1ರ ಎರಡು ಪಟ್ಟಿನಿಂದ ಎಫ್2 ಕಳೆದರೆ ಬರುವ 13.008.

ಪಟ್ಟುಗಳು ಯಾಕೆ ಬರುತ್ತವೆ ಅಂದರೆ ಏರಿಳಿತದ ಆಕಾರ ಸೈನ್ ಅಲೆಯಂತಿಲ್ಲ, ಅಷ್ಟೇ. ಸರ್ರನೆ ಏರಿ ನಿಧಾನ ಇಳಿಯುವ ಆಕಾರವನ್ನು ಕಟ್ಟಲು ಪಟ್ಟುಗಳು ಬೇಕೇ ಬೇಕು. ಅವು ಬೇರೆ ಮಿಡಿತಗಳಲ್ಲ. ಈ ಇಷ್ಟು ಶಿಖರಗಳಲ್ಲಿ ಸ್ವತಂತ್ರ ಮಿಡಿತ ಎರಡೇ.

ಆ ಎರಡರ ಅವಧಿಗಳು 79.15 ನಿಮಿಷ ಮತ್ತು 61.59 ನಿಮಿಷ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.778. ಇಡೀ ನಕ್ಷತ್ರ ಉಬ್ಬಿ ಕುಗ್ಗುವ ಮೂಲ ಮಿಡಿತಕ್ಕೂ ಅದರ ಮೊದಲ ಮೇಲ್‌ಸ್ವರಕ್ಕೂ ಈ ಜಾತಿಯ ನಕ್ಷತ್ರಗಳಲ್ಲಿ 0.77ರ ಆಸುಪಾಸಿನ ಅನುಪಾತವೇ ಬರುತ್ತದೆ. ಲೋಹಾಂಶ ಕಡಿಮೆ ಇದ್ದಾಗ ಸ್ವಲ್ಪ ಮೇಲೆ. ಹೊಂದುತ್ತದೆ. ಇದಕ್ಕಿಂತ ಜಾಸ್ತಿ ಸಿದ್ಧಾಂತ ಈ ಲಾಗ್‌ಗೆ ಬೇಡ.

ಹಂತ 6: ಒಂದೊಂದಾಗಿ ಕಳೆಯುವುದು

ದೊಡ್ಡ ಶಿಖರದ ಕೆಳಗೆ ಸಣ್ಣವು ಮುಚ್ಚಿಹೋಗಿರುತ್ತವೆ. ಅದಕ್ಕೆ ಪ್ರೀವೈಟನಿಂಗ್ ಮಾಡಬೇಕು. ದೊಡ್ಡದಕ್ಕೆ ಒಂದು ಸೈನ್ ಅಲೆ ಹೊಂದಿಸಿ ಡೇಟಾದಿಂದ ಕಳೆಯುವುದು, ಉಳಿದದ್ದಕ್ಕೆ ಮತ್ತೆ ನಕ್ಷೆ ಹಾಕುವುದು, ಮತ್ತೆ ದೊಡ್ಡದನ್ನು ಹಿಡಿಯುವುದು.

ನಕ್ಷೆಯಿಂದ ಶಿಖರದ ಜಾಗ ಓದಿ, ನೇರ ಕಳೆದರೆ ಕೆಲಸ ಕೆಡುತ್ತದೆ. ಎಫ್1 ಇದ್ದ ಜಾಗದ ಎರಡೂ ಪಕ್ಕ ಜೋಡಿ ಶಿಖರ ಏಳುತ್ತದೆ. ಹೊಸ ಮಿಡಿತ ಅಂತ ಅನ್ನಿಸುತ್ತದೆ, ಅಲ್ಲ. ಫ್ರೀಕ್ವೆನ್ಸಿ ಕೂದಲೆಳೆಯಷ್ಟು ತಪ್ಪಿದ್ದರೂ ಇಷ್ಟು ದೊಡ್ಡ ಅಲೆಯಲ್ಲಿ ಉಳಿಯುವ ಚೂರೇ ಸಣ್ಣ ಮಿಡಿತಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಪ್ರತಿ ಹೊಸ ಫ್ರೀಕ್ವೆನ್ಸಿ ಸೇರಿಸಿದಾಗಲೂ ಹಳೆಯವೆಲ್ಲದರ ಜೊತೆ ಒಟ್ಟಿಗೆ ಮರುಹೊಂದಿಕೆ ಮಾಡಬೇಕು.

ಆ ಒಟ್ಟಿಗೆ ಹೊಂದಿಸುವುದೂ ಮೊದಲು ಹಳಿ ತಪ್ಪಿತು. ಫಲಿತಾಂಶ ಎಲ್ಲೆಲ್ಲೋ ಅಲೆಯುತ್ತಿತ್ತು, ಒಮ್ಮೆ ಬಂದ ಅಂಕಿ ಇನ್ನೊಮ್ಮೆ ಬರುತ್ತಿರಲಿಲ್ಲ. ಕಾರಣ ತೀರಾ ಸಾದಾ. ಟೆಸ್ ಸಮಯದ ಕಾಲಂ ಜೂಲಿಯನ್ ದಿನದಿಂದ 24,57,000 ಕಳೆದು ಕೊಟ್ಟಿರುತ್ತದೆ. ಸೆಕ್ಟರ್ 2 ಶುರುವಾಗುವುದು ಸುಮಾರು 1354ರಲ್ಲಿ. ಅಂದರೆ ಸೊನ್ನೆ ಇರುವುದು ಡೇಟಾದಿಂದ ಸಾವಿರದ ಮುನ್ನೂರು ದಿನ ಹಿಂದೆ. ಫ್ರೀಕ್ವೆನ್ಸಿ ಒಂಚೂರು ಅಲುಗಿದರೂ ಸೊನ್ನೆಯ ಹತ್ತಿರದ ಫೇಸ್ (ಅಲೆ ಆ ಕ್ಷಣದಲ್ಲಿ ಯಾವ ಹಂತದಲ್ಲಿದೆ ಅನ್ನುವುದು) ಪೂರ್ತಿ ತಿರುಗಿಬಿಡುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡು ಲೆಕ್ಕ ನಿಲ್ಲುವುದಿಲ್ಲ. ಸಮಯದ ಸರಾಸರಿಯನ್ನು ಕಳೆದು ಸೊನ್ನೆಯನ್ನು ಡೇಟಾದ ನಡುವಿಗೆ ತಂದ ಕೂಡಲೇ ಸರಿಹೋಯಿತು. ಒಂದೇ ಸಾಲು. ಇದನ್ನು ಯಾವ ಮಾದರಿ ಕೋಡಿನಲ್ಲೂ ನಾನು ನೋಡಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕ್ರಮ ಹೀಗೆ ಇಟ್ಟುಕೊಂಡೆ. ಮೊದಲು ಫ್ರೀಕ್ವೆನ್ಸಿಗಳನ್ನು ಕಟ್ಟಿಹಾಕಿ ಎತ್ತರ, ಫೇಸ್ ಮಾತ್ರ ಹೊಂದಿಸುವುದು. ಆಮೇಲೆ ಎಲ್ಲವನ್ನೂ ಬಿಡುವುದು. ಪಟ್ಟುಗಳನ್ನೂ ಮೊತ್ತ–ವ್ಯತ್ಯಾಸಗಳನ್ನೂ ಸ್ವತಂತ್ರವಾಗಿ ಬಿಡದೆ ಎಫ್1, ಎಫ್2ರಿಂದಲೇ ಲೆಕ್ಕ ಹಾಕುವುದು.

ಎಲ್ಲಿ ನಿಲ್ಲಿಸಬೇಕು? ಶಿಖರದ ಎತ್ತರ ಅದರ ಸುತ್ತಲಿನ ಗದ್ದಲಕ್ಕಿಂತ ನಾಲ್ಕು ಪಟ್ಟು ಇರಬೇಕು ಅನ್ನುವುದು 1993ರಿಂದ ಬಳಕೆಯಲ್ಲಿರುವ ಅಳತೆ, ನೆಲದ ಡೇಟಾಕ್ಕಾಗಿ ಬಂದದ್ದು. ಟೆಸ್‌ನಲ್ಲಿ ಅಳತೆಗಳ ಸಂಖ್ಯೆ ಜಾಸ್ತಿ. ಸಾವಿರಾರು ಫ್ರೀಕ್ವೆನ್ಸಿ ತಡಕಿದಾಗ ಗದ್ದಲವೇ ಒಮ್ಮೊಮ್ಮೆ ನಾಲ್ಕು ಪಟ್ಟು ಹಾರುತ್ತದೆ. ನಾನು ಐದು ಇಟ್ಟುಕೊಂಡೆ. ಇನ್ನೊಂದು ಷರತ್ತು, ಎರಡು ಶಿಖರಗಳ ನಡುವೆ ಕನಿಷ್ಠ 0.055 ಅಂತರ ಇರಬೇಕು. ಇದು 1.5 ಅನ್ನು 27.4 ದಿನದಿಂದ ಭಾಗಿಸಿದ್ದು. ಅದಕ್ಕಿಂತ ಹತ್ತಿರ ಇದ್ದರೆ ಒಂದೇ ಸೆಕ್ಟರಿನ ಡೇಟಾ ಎರಡನ್ನೂ ಬೇರ್ಪಡಿಸಲಾರದು.

ಶಿಖರಕ್ಕೆ ಹೆಸರಿಡುವಾಗ ಒಂದು ಆಸೆ ಹುಟ್ಟುತ್ತದೆ. ಎಫ್1ರ ಇಷ್ಟು ಪಟ್ಟು, ಎಫ್2ರ ಅಷ್ಟು ಪಟ್ಟು ಸೇರಿಸಿದರೆ ಸರಿಯಾಗಿ ಇಲ್ಲಿಗೇ ಬರುತ್ತದೆ ಅಂತ. ಪಟ್ಟುಗಳನ್ನು ಹತ್ತು, ಇಪ್ಪತ್ತರವರೆಗೆ ಬಿಟ್ಟರೆ ಆಕಸ್ಮಿಕವಾಗಿ ಹೊಂದುವ ಜೋಡಿಗಳು ಬೇಕಾದಷ್ಟು ಸಿಗುತ್ತವೆ. ನಾನು ಎರಡೂ ಸೇರಿ ಐದು ಪಟ್ಟು ಮೀರಬಾರದು ಅಂತ ಗೆರೆ ಎಳೆದೆ. ಅದರಾಚೆಗಿನದಕ್ಕೆ ಪಟ್ಟಿಯಲ್ಲಿ ಪ್ರಶ್ನೆ ಗುರುತು.

ಹಂತ 7: 30 ನಿಮಿಷದ ಡೇಟಾ ಬಳಸಿದ್ದರೆ ಏನಾಗುತ್ತಿತ್ತು

ಎಲ್ಲ ನಕ್ಷತ್ರಕ್ಕೂ 2 ನಿಮಿಷದ ಡೇಟಾ ಇರುವುದಿಲ್ಲ. ಮೊದಲ ಎರಡು ವರ್ಷ ಟೆಸ್ ಪೂರ್ತಿ ಚಿತ್ರಗಳನ್ನು 30 ನಿಮಿಷಕ್ಕೊಂದರಂತೆ ಇಟ್ಟುಕೊಂಡಿತು. 2020ರಿಂದ 10 ನಿಮಿಷ, 2022ರಿಂದ 200 ಸೆಕೆಂಡ್. ಮುಂದೆ ಬೇರೆ ನಕ್ಷತ್ರಕ್ಕೆ ಹೋದಾಗ ಇದು ಎದುರಾಗುತ್ತದೆ. ಹಾಗಾಗಿ ಬೇಕಂತಲೇ ಒಂದು ಪ್ರಯೋಗ ಮಾಡಿದೆ. 2 ನಿಮಿಷದ ಹದಿನೈದು ಹದಿನೈದು ಅಳತೆಗಳನ್ನು ಸರಾಸರಿ ಮಾಡಿ 30 ನಿಮಿಷದ ಡೇಟಾ ತಯಾರಿಸಿದೆ. ಅದರ ಮೇಲೆ ಅದೇ ನಕ್ಷೆ ಹಾಕಿದೆ.

ಈ ಪ್ರಯೋಗ ಕಲಿಸಿದಷ್ಟು ಬೇರೆ ಯಾವುದೂ ಕಲಿಸಲಿಲ್ಲ.

30 ನಿಮಿಷಕ್ಕೊಂದು ಅಳತೆ ಅಂದರೆ ದಿನಕ್ಕೆ 48 ಅಳತೆ. ಅದರ ಅರ್ಧ, 24, ನೈಕ್ವಿಸ್ಟ್ ಗಡಿ. ಅದರಾಚೆಯ ಫ್ರೀಕ್ವೆನ್ಸಿ ಕಾಣೆಯಾಗುವುದಿಲ್ಲ. 24ರ ಗೆರೆಯಲ್ಲಿ ಕಾಗದ ಮಡಚಿದ ಹಾಗೆ ಆ ಕಡೆಯದು ಈ ಕಡೆ ಬಂದು ಬೀಳುತ್ತದೆ. ಎಫ್1ರ ಎರಡು ಪಟ್ಟು 36.387. ಗಡಿಯಿಂದ 12.387 ಆಚೆ. ಮಡಚಿದಾಗ 11.613ರಲ್ಲಿ ಬಂದು ಕೂತಿತು. ಚೊಕ್ಕ, ಎತ್ತರದ ಶಿಖರ. ಉತ್ತರ ಗೊತ್ತಿಲ್ಲದಿದ್ದರೆ ಹೊಸ ಮಿಡಿತ ಸಿಕ್ಕಿತು ಅಂತ ಖಂಡಿತ ಬರೆದುಕೊಳ್ಳುತ್ತಿದ್ದೆ. ಮೊತ್ತ 41.573 ಹೋಗಿ 6.427ರಲ್ಲಿ ಬಿತ್ತು. ನಾಲ್ಕು ಪಟ್ಟಿನದಂತೂ ಮೂರು ಸಲ ಮಡಚಿ 23.226ಕ್ಕೆ ಬರಬೇಕು, ಎಫ್2ರ ಮಗ್ಗುಲಿಗೇ. ಸದ್ಯ ಅದರ ಎತ್ತರ ಅಷ್ಟರಲ್ಲಿ ಸವೆದು ಹೋಗಿತ್ತು.

ಸವೆತದ್ದು ಎರಡನೇ ಪಾಠ. 30 ನಿಮಿಷ ಬೆಳಕು ಕೂಡಿಸಿದಾಗ ಆ ಹೊತ್ತಿನೊಳಗಿನ ಏರಿಳಿತ ಮಸುಕಾಗುತ್ತದೆ. ಲೆಕ್ಕದ ಪ್ರಕಾರ ಎಫ್1ರ ಎತ್ತರ 22 ಶೇಕಡಾ ಕಡಿಮೆಯಾಗಬೇಕು, ಎಫ್2ರದು 35 ಶೇಕಡಾ, ಎಫ್1ರ ಎರಡು ಪಟ್ಟಿನದು 71 ಶೇಕಡಾ. ನಕ್ಷೆಯಲ್ಲೂ ಹಾಗೇ ಬಂತು. ಹಾಗಾಗಿ 30 ನಿಮಿಷದ ಡೇಟಾದಿಂದ ಎತ್ತರ ಓದಿ ಎಫ್1ಕ್ಕೂ ಎಫ್2ಕ್ಕೂ ಹೋಲಿಸಿದರೆ ಅನುಪಾತವೇ ತಪ್ಪು. ತಿದ್ದುಪಡಿ ಸುಲಭ, ಆದರೆ ಮಾಡಬೇಕು ಅನ್ನುವುದು ನೆನಪಿರಬೇಕು.

ನಕಲಿ ಹಿಡಿಯುವ ದಾರಿ: ಅನುಮಾನ ಬಂದ ಶಿಖರವನ್ನು 48ರಿಂದ ಕಳೆಯಿರಿ. ಬಂದ ಅಂಕಿ ದೊಡ್ಡ ಮಿಡಿತದ ಪಟ್ಟೋ ಮೊತ್ತವೋ ಆಗಿದ್ದರೆ ಅದು ಮಡಚಿ ಬಂದದ್ದು. ಬೇರೆ ಅಂತರದ ಡೇಟಾ ಸಿಕ್ಕರೆ ಇನ್ನೂ ಒಳ್ಳೆಯದು. 10 ನಿಮಿಷದ ಡೇಟಾದಲ್ಲಿ ಗಡಿ 72ಕ್ಕೆ ಹೋಗುತ್ತದೆ. ನಿಜವಾದ ಶಿಖರ ಇದ್ದಲ್ಲೇ ಇರುತ್ತದೆ, ನಕಲಿ ಜಾಗ ಬದಲಿಸುತ್ತದೆ.

ಹಂತ 8: ಮಡಿಸಿ ನೋಡುವುದು

ಎಲ್ಲ ಮಿಡಿತಗಳನ್ನೂ ಒಂದರ ಮೇಲೊಂದು ಇಟ್ಟು ಒಂದೇ ಚಿತ್ರ ಮಾಡಲು ಹೋದೆ. ಅವಧಿ 0.055 ದಿನ ಅಂತ ಕೊಟ್ಟೆ. ಬಂದದ್ದು ದಪ್ಪ ಮಸಿ. ಸರಿಯಾದ ಅವಧಿ 0.0549645. ವ್ಯತ್ಯಾಸ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಐನೂರು ಮಿಡಿತ ದಾಟುವಷ್ಟರಲ್ಲಿ ಅದು ಒಂದು ಮಿಡಿತದ ಮೂರನೇ ಒಂದು ಭಾಗ ಜಾರಿರುತ್ತದೆ. ಆರೇಳು ದಶಾಂಶ ಕೊಡಿ. ಹಾಗೆ ಕೊಟ್ಟರೂ ಪಟ್ಟಿ ಅಗಲವಾಗಿಯೇ ಇತ್ತು, ಎಫ್2 ಅದರೊಳಗೆ ಇದೆಯಲ್ಲ. ಎಫ್2 ಮತ್ತು ಬೆರಕೆಗಳನ್ನು (ಮೊತ್ತ, ವ್ಯತ್ಯಾಸದಂಥವು) ಕಳೆದು ಮಡಿಸಿದಾಗ ತೆಳ್ಳನೆ ಗೆರೆ ಬಂತು.

ಹಂತ 9: ಎರಡನೇ ಸೆಕ್ಟರ್, ಮತ್ತು ಸಿಕ್ಕಿಕೊಂಡದ್ದು

ಟೆಸ್ ಇದೇ ಜಾಗಕ್ಕೆ ಎರಡು ವರ್ಷದ ನಂತರ, ಸೆಕ್ಟರ್ 29ರಲ್ಲಿ, 2020ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮರಳಿತು. ಎರಡನ್ನೂ ಸೇರಿಸಿದರೆ ಡೇಟಾದ ಉದ್ದ 27 ದಿನದಿಂದ ಎರಡು ವರ್ಷ ಆಗುತ್ತದೆ, ಫ್ರೀಕ್ವೆನ್ಸಿ ಇನ್ನಷ್ಟು ನಿಖರ ಆಗುತ್ತದೆ ಅನ್ನುವ ಲೆಕ್ಕ. ಎರಡನ್ನೂ ಬೇರೆ ಬೇರೆ ಮೀಡಿಯನ್‌ನಿಂದ ಭಾಗಿಸಿ ಜೋಡಿಸಿದೆ.

ಎಫ್1, ಎಫ್2ಕ್ಕೆ ಲೆಕ್ಕ ಸರಿಹೋಯಿತು. ಉಳಿದದ್ದಕ್ಕೆ ಇಲ್ಲ.

ಎರಡು ಸೆಕ್ಟರುಗಳ ನಡುವೆ ಸುಮಾರು 735 ದಿನ. ಆ ಮಧ್ಯೆ ಈ ನಕ್ಷತ್ರ ಎಷ್ಟು ಸಲ ಮಿಡಿಯಿತು ಅಂತ ಡೇಟಾ ಹೇಳುವುದಿಲ್ಲ. ನಾವು ಎಣಿಸಬೇಕು. ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆ ಆದರೆ ಫ್ರೀಕ್ವೆನ್ಸಿ 1/735, ಅಂದರೆ 0.00136 ಆಚೀಚೆ ಆಗುತ್ತದೆ. ಅದಕ್ಕೇ ಜೋಡಿಸಿದ ಡೇಟಾದ ನಕ್ಷೆಯಲ್ಲಿ ಪ್ರತಿ ಶಿಖರವೂ ಬಾಚಣಿಗೆಯಾಗಿತ್ತು, 0.00136 ಅಂತರದಲ್ಲಿ ಸಾಲು ಹಲ್ಲು. ಯಾವ ಹಲ್ಲು ನಿಜವಾದದ್ದು?

ಒಂದೇ ಸೆಕ್ಟರಿನಿಂದ ಎಫ್1 ಎಷ್ಟು ನಿಖರ ಸಿಗುತ್ತದೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಇಲ್ಲಿ 0.055 ಅಂತರದ ಷರತ್ತನ್ನೂ ದೋಷದ ಅಳತೆಯನ್ನೂ ಬೆರೆಸಬಾರದು. ಮೊದಲನೆಯದು ಎರಡು ಶಿಖರ ಬಿಡಿಸಲು ಬೇಕಾದ ಅಂತರ. ಒಂಟಿ ಶಿಖರದ ಜಾಗವನ್ನು ಅದಕ್ಕಿಂತ ಬಹಳ ಚೆನ್ನಾಗಿ ಹೇಳಬಹುದು. ಎತ್ತರ ದೊಡ್ಡದಿದ್ದು ಗದ್ದಲ ಕಡಿಮೆ ಇದ್ದಷ್ಟೂ ಚೆನ್ನಾಗಿ. ಎಫ್1ರಂಥ ದೊಡ್ಡ ಶಿಖರಕ್ಕೆ ದೋಷ 0.00001ರ ಮಟ್ಟ. 735 ದಿನಕ್ಕೆ ಗುಣಿಸಿದರೆ ಒಂದು ಮಿಡಿತದ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಎಣಿಕೆ ತಪ್ಪುವ ಪ್ರಶ್ನೆಯೇ ಇಲ್ಲ. ಎಫ್2ಕ್ಕೂ ಹೀಗೇ.

ಉಳಿಕೆಯಲ್ಲಿ ಸಿಕ್ಕ ಸಣ್ಣ ಶಿಖರಗಳ ಎತ್ತರ ಎಫ್1ರ ಇನ್ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅವುಗಳ ದೋಷ 0.0008ರ ಹತ್ತಿರ ಹೋಗುತ್ತದೆ. 735ರಿಂದ ಗುಣಿಸಿದರೆ 0.6 ಮಿಡಿತ. ಅಂದರೆ ಎರಡು ಹಲ್ಲುಗಳಲ್ಲಿ ಯಾವುದು ಅಂತ ಹೇಳಲಾಗದು. ನಾನು ಸುಮ್ನೆ ಎತ್ತರದ ಹಲ್ಲನ್ನೇ ಆರಿಸಿ ಕಳೆದು ನೋಡಿದೆ. ಉಳಿಕೆ ಚೆನ್ನಾಗಿಯೇ ಇತ್ತು. ಪಕ್ಕದ ಹಲ್ಲನ್ನು ಆರಿಸಿ ಕಳೆದೆ. ಅದೂ ಅಷ್ಟೇ ಚೆನ್ನಾಗಿತ್ತು. ಅಲ್ಲಿಗೆ ಆಟ ನಿಂತಿತು.

ಎರಡು ಸೆಕ್ಟರುಗಳನ್ನು ಬೇರೆ ಬೇರೆಯಾಗಿಯೇ ಹೊಂದಿಸಿ, ಎರಡರಲ್ಲೂ ಐದು ಪಟ್ಟಿನ ಷರತ್ತು ದಾಟಿ, ದೋಷದೊಳಗೆ ಒಂದೇ ಜಾಗದಲ್ಲಿ ಬಂದ ಸಣ್ಣ ಶಿಖರಗಳನ್ನು ಮಾತ್ರ ಈಗ ಪಟ್ಟಿಯಲ್ಲಿ ಇಟ್ಟಿದ್ದೇನೆ. ಅವಕ್ಕೆ ಮೂರೇ ದಶಾಂಶ. ಎಫ್1, ಎಫ್2ಕ್ಕೆ ಜೋಡಿಸಿದ ಡೇಟಾದಿಂದ ಆರು ದಶಾಂಶ. ಒಂದೇ ಸೆಕ್ಟರಿನಲ್ಲಿ ಕಂಡವು ಬೇರೆ ಫೈಲಿಗೆ ಹೋಗಿವೆ.

ಮುಂದಿನ ಕೆಲಸ, ಸೆಕ್ಟರ್ 29ರ 10 ನಿಮಿಷದ ಚಿತ್ರಗಳಿಂದ ನಾನೇ ಅಪರ್ಚರ್ ಮಾಸ್ಕ್ ಹಾಕಿ ಬೆಳಕು ಅಳೆಯುವುದು. ಆ ಸಣ್ಣ ಶಿಖರಗಳು ಸಿದ್ಧ ಫೈಲಿನ ತಿದ್ದುಪಡಿಯಿಂದ ಹುಟ್ಟಿದವೋ ಅಲ್ಲವೋ ಅಂತ ಅದರಿಂದ ಗೊತ್ತಾಗಬೇಕು. ಮಾಸ್ಕನ್ನು ಒಂದು ಪಿಕ್ಸೆಲ್ ಹಿಗ್ಗಿಸಿ, ಒಂದು ಪಿಕ್ಸೆಲ್ ಕುಗ್ಗಿಸಿ ಮೂರು ಸಲ ಅಳೆಯುವ ಯೋಚನೆ ಇದೆ. ಎತ್ತರ ಮಾಸ್ಕಿನ ಜೊತೆ ಬದಲಾದರೆ ಆ ಶಿಖರ ಪಟ್ಟಿಯಿಂದ ಹೊರಗೆ.